ಅಪ್ಪನ ಕ್ಯಾನ್ಸರ್ ಚಿಕಿತ್ಸೆ: ಆಪರೇಶನ್ನಾ, ಇಂಜೆಕ್ಷನ್ನಾ, ಕೀಮೋನಾ? ನೀವು ಹೇಗೆ ತೀರ್ಮಾನ ಮಾಡಿದಿರಿ?

ಶಿರ್ವ_ಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು.

ಅಪ್ಪನಿಗೆ 76. ಸೊಂಟನೋವು ಅಂತ ಎಲುಬಿನ ಡಾಕ್ಟ್ರಿಗೆ ತೋರಿಸಲು ಹೋಗಿ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರ್ ಅಂತ ಗೊತ್ತಾಯಿತು. ಬೆನ್ನುಮೂಳೆಗೂ ಸೊಂಟದ ಎಲುಬಿಗೂ ಹರಡಿದೆ. ಪೂರ್ತಿ ಗುಣ ಆಗುವುದಿಲ್ಲ, ಆದರೆ ಹಿಡಿತದಲ್ಲಿ ಇಡಬಹುದು ಅಂದರು. ಗಂಡಸರ ಹಾರ್ಮೋನ್ ನಿಲ್ಲಿಸಬೇಕಂತೆ. ಅದಕ್ಕೆ ಒಂದೋ ಬೀಜ ತೆಗೆಯುವ ಸಣ್ಣ ಆಪರೇಶನ್, ಇಲ್ಲವೇ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಅದೂ ಕೊನೆಯವರೆಗೆ. ಜೊತೆಗೆ ಆ ಹಾರ್ಮೋನನ್ನು ಇನ್ನೂ ತಗ್ಗಿಸುವ ಅಬಿರಾಟೆರೋನ್ ಮಾತ್ರೆ ದಿನಾ, ಅಥವಾ ಆರು ಸಲ ಕೀಮೋ. "ಮನೆಯಲ್ಲಿ ಮಾತಾಡಿಕೊಂಡು ಬನ್ನಿ" ಅಂತ ಕಳಿಸಿದ್ದಾರೆ.

ಮನೆಯಲ್ಲಿ ಮಾತಾಡಿದ ಮೇಲೆ ಮಂಡೆ ಇನ್ನೂ ಬಿಸಿ. ಅಣ್ಣ ದುಬೈಯಲ್ಲಿ. "ಹಣದ ಮುಖ ನೋಡಬೇಡ, ಇಂಜೆಕ್ಷನ್ನೇ ಕೊಡಿಸು, ಮುಂಬೈಗೆ ಕರ್ಕೊಂಡು ಹೋಗು" ಅನ್ನುತ್ತಾನೆ. ಅಮ್ಮನಿಗೆ ಕೀಮೋ ಅಂದ್ರೆ ಸಾಕು, ಅಳು. ಅವರ ತಂಗಿಯದು ನೋಡಿದ್ದಾರೆ. ದೊಡ್ಡಪ್ಪನ ಮಗ ಘಟ್ಟದ ಮೇಲಿನ ನಾಟಿ ಮದ್ದಿನವರ ವಿಳಾಸ ಹಿಡ್ಕೊಂಡು ಬಂದಿದ್ದಾನೆ. ನನಗೆ ಆಪರೇಶನ್ನೇ ಸರಿ ಅನಿಸುತ್ತದೆ, ಹೇಳಲು ಬಾಯಿ ಬರುತ್ತಿಲ್ಲ.

ನಮ್ಮದು ಎಪಿಎಲ್ ಕಾರ್ಡ್. ಇನ್ಶೂರೆನ್ಸ್ ಇಲ್ಲ. ಅಪ್ಪನಿಗೆ ಸಣ್ಣ ಪೆನ್ಶನ್, ಮತ್ತೆ ಅಂಗಳದ ಮಲ್ಲಿಗೆ. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಗಿಡದ ಹತ್ತಿರ ಹೋಗುತ್ತಾರೆ. ಅವರು ಮೊಗ್ಗು ಕೊಯ್ದು ತಂದ ಹಾಗೆ ಅಮ್ಮ ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಬೇಕು, ಹೊತ್ತಿಗೆ ಸರಿಯಾಗಿ ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಅಪ್ಪನಿಗೆ ಕ್ಯಾನ್ಸರ್ ಅಂತ ನಾವು ಹೇಳಿಲ್ಲ. ಪ್ರಾಸ್ಟೇಟ್ ದೊಡ್ಡದಾಗಿದೆ ಅಂತ ಮಾತ್ರ ಗೊತ್ತು.

ಇಷ್ಟು ಹಣಕ್ಕೆ ಎಷ್ಟು ಪ್ರಯೋಜನ ಅಂತ ನೀವೆಲ್ಲ ಹೇಗೆ ನೋಡಿದಿರಿ? ಅಪ್ಪನ ವಿಷಯದಲ್ಲಿ ಲೆಕ್ಕ ಹಾಕುವುದೇ ತಪ್ಪಾ?

ಪಡುಬಿದ್ರಿ_ಪಯಣಿಗ
ದೇವರ ಮೇಲೆ ಭಾರ ಹಾಕಿ ಅಕ್ಕ. ಎಲ್ಲ ಒಳ್ಳೆಯದಾಗುತ್ತದೆ.

ಹಳೇ_ಸ್ಟಾಫ್_ನರ್ಸ್
ಕ್ಯಾನ್ಸರ್ ವಾರ್ಡಿನಲ್ಲೇ ಕೆಲಸ ಮಾಡಿ ರಿಟೈರ್ ಆದವಳು ನಾನು. ಗೊತ್ತಿದ್ದದ್ದು ಹೇಳುತ್ತೇನೆ. ಕೊನೆಯ ಮಾತು ನಿಮ್ಮ ಡಾಕ್ಟ್ರದ್ದೇ.

ಆಪರೇಶನ್ನೂ ಇಂಜೆಕ್ಷನ್ನೂ ಮಾಡುವುದು ಒಂದೇ ಕೆಲಸ. ಈ ಕ್ಯಾನ್ಸರಿಗೆ ಗಂಡಸರ ಹಾರ್ಮೋನೇ ಗೊಬ್ಬರ. ಗೊಬ್ಬರ ನಿಲ್ಲಿಸಿದರೆ ಅದು ಕುಗ್ಗುತ್ತದೆ. ಇದನ್ನು ಹಗಿನ್ಸ್ ಅನ್ನುವ ಡಾಕ್ಟ್ರು 1941ರಲ್ಲೇ ತೋರಿಸಿದ್ದು, 1966ರಲ್ಲಿ ಅವರಿಗೆ ನೊಬೆಲ್ ಬಂತು. ಆವಾಗ ಇದ್ದದ್ದು ಮುಖ್ಯವಾಗಿ ಆಪರೇಶನ್ನೇ. ಇಂಜೆಕ್ಷನ್ ಆಮೇಲೆ ಬಂದದ್ದು. ದುಬಾರಿ ಅಂತ ಇಂಜೆಕ್ಷನ್ ಜಾಸ್ತಿ ಕೆಲಸ ಮಾಡುವುದಿಲ್ಲ. ಆಪರೇಶನ್ ಆದರೆ ಒಂದು ದಿನದೊಳಗೆ ಹಾರ್ಮೋನ್ ಇಳಿಯುತ್ತದೆ. ಲ್ಯುಪ್ರೊಲೈಡ್ ತರದ ಇಂಜೆಕ್ಷನ್‌ನಲ್ಲಿ ಮೊದಲು ಸ್ವಲ್ಪ ದಿನ ಏರಿ, ಆಮೇಲೆ ಇಳಿಯುತ್ತದೆ. ಬೆನ್ನುಮೂಳೆಯಲ್ಲಿ ಗಡ್ಡೆ ಇದ್ದವರಿಗೆ ಆ ಏರುವುದೇ ಅಪಾಯ, ಅದಕ್ಕೇ ಮೊದಲು ಬೇರೆ ಮಾತ್ರೆ ಶುರು ಮಾಡಿ ನಂತರ ಇಂಜೆಕ್ಷನ್ ಕೊಡುತ್ತಾರೆ.

ಮೈ ಬಿಸಿ ಬಂದು ಬೆವರುವುದು, ಸುಸ್ತು, ಎಲುಬು ಸವೆಯುವುದು ಎರಡರಲ್ಲೂ ಉಂಟು. ವ್ಯತ್ಯಾಸ ಇಷ್ಟೇ. ಆಪರೇಶನ್ ವಾಪಸ್ ಮಾಡಲು ಆಗುವುದಿಲ್ಲ, ಮತ್ತೆ ಗಂಡಸರ ಮನಸ್ಸಿಗೆ ಅದು ದೊಡ್ಡ ಪೆಟ್ಟು. ಅದನ್ನು ಸಣ್ಣ ವಿಷಯ ಅಂತ ಯಾರೂ ತಳ್ಳಬಾರದು. ಹಾಗಂತ ಮೂರು ತಿಂಗಳಿಗೊಮ್ಮೆ ಹಣ ಹೊಂದಿಸಲಾಗದೆ ಇಂಜೆಕ್ಷನ್ ತಪ್ಪಿಸಿ, ಕಾಲು ಸ್ವಾಧೀನ ತಪ್ಪಿದ ಮೇಲೆ ಬಂದವರನ್ನೂ ನೋಡಿದ್ದೇನೆ.

ದುಬೈ_ಪುಳ್ಳಿ
ನಾನೂ ನಿಮ್ಮ ಅಣ್ಣನ ಜಾಗದಲ್ಲಿ ಇರುವವನು. ಅವರನ್ನು ಬೈಯಬೇಡಿ. ಹೆತ್ತವರ ವಿಷಯದಲ್ಲಿ ಲೆಕ್ಕ ಹಾಕುವುದು ತಪ್ಪೇ. ಹಣ ನಾಳೆ ದುಡಿಯಬಹುದು. ಬೆಸ್ಟ್ ಟ್ರೀಟ್ಮೆಂಟ್ ಕೊಡಿಸಿ, ಆಮೇಲೆ ಕೊರಗುವುದು ಬೇಡ.

ವಾರಕ್ಕೆ_ಮೂರು_ದಿನ
@ದುಬೈ_ಪುಳ್ಳಿ ಬೆಸ್ಟ್ ಅಂದ್ರೆ ಎಂತದು ಮಾರಾಯ್ರೆ? ಜಾಸ್ತಿ ಬಿಲ್ ಆಗುವುದಾ?

ನಾನು ಡಯಾಲಿಸಿಸ್‌ನಲ್ಲಿ ಇರುವವನು. ವಾರಕ್ಕೆ ಮೂರು ದಿನ, ಒಂದೊಂದು ದಿನ ನಾಲ್ಕು ಗಂಟೆ. ಬಸ್ಸು, ಕಾಯುವುದು, ಆಮೇಲೆ ಮನೆಯಲ್ಲಿ ಮಲಗುವುದು ಎಲ್ಲ ಸೇರಿ ದಿನ ಮುಗಿಯಿತು. ಬಿಪಿಎಲ್ ಆದ್ದರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 2016ರಿಂದ ಕೇಂದ್ರದ ಡಯಾಲಿಸಿಸ್ ಕಾರ್ಯಕ್ರಮ ಉಂಟಲ್ಲ, ಅದು ನಮ್ಮಂಥವರನ್ನು ಉಳಿಸಿದೆ. ಆದರೆ ಉಚಿತ ಅಂದರೂ ಖರ್ಚು ಇಲ್ಲ ಅಂತ ಅಲ್ಲ. ನನ್ನ ಹೆಂಡತಿ ಗೇರುಬೀಜದ ಫ್ಯಾಕ್ಟರಿ ಕೆಲಸ ಬಿಟ್ಟಳು. ಆ ಸಂಬಳ ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ನನ್ನ ಸೋದರಮಾವನಿಗೂ ಕಿಡ್ನಿ ಹೋಗಿತ್ತು. 80 ದಾಟಿತ್ತು, ಹಾರ್ಟಿನ ತೊಂದರೆಯೂ ಇತ್ತು. ಕಿಡ್ನಿ ಡಾಕ್ಟ್ರೇ ಕೂರಿಸಿ ಹೇಳಿದರು. ಈ ವಯಸ್ಸಿಗೆ, ಬೇರೆ ಕಾಯಿಲೆಯೂ ಇದ್ದಾಗ ಡಯಾಲಿಸಿಸ್‌ನಿಂದ ಸಿಗುವ ಆಯಸ್ಸು ಕಡಿಮೆ, ಅದರಲ್ಲೂ ಬಹಳಷ್ಟು ದಿನ ಆಸ್ಪತ್ರೆಯಲ್ಲೇ ಹೋಗುತ್ತದೆ ಅಂತ. ಮಾವ ಬೇಡ ಅಂದರು. ಊತಕ್ಕೆ, ತುರಿಕೆಗೆ, ವಾಕರಿಕೆಗೆ ಮದ್ದು ನಡೆಯುತ್ತಿತ್ತು. ತೋಟಕ್ಕೆ ಒಂದು ಸುತ್ತು ಹಾಕುತ್ತಾ ಇದ್ದರು. ಅವರ ಮಕ್ಕಳಿಗೆ ಊರವರು ಹೇಳದ ಮಾತಿಲ್ಲ. ಹಣ ಇದ್ದೂ ಡಯಾಲಿಸಿಸ್ ಮಾಡಿಸಲಿಲ್ಲ ಅಂತ.

ನಾನು ಡಯಾಲಿಸಿಸ್ ಬೇಕು ಅಂದೆ, ಮಾವ ಬೇಡ ಅಂದರು. ನನಗೆ 50 ಚಿಲ್ಲರೆ, ಮಗಳು ಪಿಯುಸಿ. ಇಬ್ಬರದೂ ಸರಿಯೇ ಅಂತ ನನ್ನ ಅಭಿಪ್ರಾಯ.

ಬೈಂದೂರು_ಕಡೆಯವ
👆 ಇದನ್ನು ಮೇಲೆ ಪಿನ್ ಮಾಡಿ ಅಡ್ಮಿನ್.

ಕಡಿಯಾಳಿ_ಟೀಚರ್
ಡಯಾಲಿಸಿಸ್‌ನವರನ್ನು ನೋಡಲು ಹೋಗುವವರು ಬೊಂಡ (ಎಳನೀರು) ಹಿಡ್ಕೊಂಡು ಹೋಗುತ್ತಾರಲ್ಲ, ಅದನ್ನು ಯಾರಾದರೂ ನಿಲ್ಲಿಸಿ. ನಮ್ಮ ಬಾವನ ಮಂಚದ ಕೆಳಗೆ ಒಂದು ಗೊನೆಯೇ ಇತ್ತು.

ವಾರಕ್ಕೆ_ಮೂರು_ದಿನ
@ಕಡಿಯಾಳಿ_ಟೀಚರ್ 😄 ನಿಜ. ಪೊಟ್ಯಾಶಿಯಂ ಏರಿದರೆ ಹಾರ್ಟ್ ನಿಲ್ಲಬಹುದು. ಬೊಂಡ, ಬಾಳೆಹಣ್ಣು ಎಲ್ಲ ನಮಗೆ ದೂರ. ಬಸಳೆಯನ್ನೂ ಬೇಯಿಸಿ ನೀರು ಚೆಲ್ಲಿ ಸ್ವಲ್ಪವೇ ತಿನ್ನಬೇಕು. ಗಂಜಿಯ ತಿಳಿಯನ್ನೂ ಲೋಟದಲ್ಲಿ ಅಳೆದು ಕುಡಿಯುವ ಜನ ನಾವು.

ಮದ್ದಂಗಡಿ_ಮಾಣಿ
ಮದ್ದಿನ ರೇಟಿನ ಬಗ್ಗೆ ನಾನು ಹೇಳುತ್ತೇನೆ, ನನ್ನ ಹೊಟ್ಟೆಪಾಡೇ ಅದು.

ಕ್ಯಾನ್ಸರ್ ಮದ್ದಿನ ಡಬ್ಬದ ಮೇಲೆ ಇರುವ ಎಂಆರ್‌ಪಿ ನೋಡಿ ಹೆದರಬೇಡಿ. ಅಬಿರಾಟೆರೋನ್ ತರದ ಮದ್ದನ್ನು ನಮ್ಮ ದೇಶದ ಹತ್ತಾರು ಕಂಪನಿಗಳು ಮಾಡುತ್ತವೆ. ಅಚ್ಚು ಹಾಕಿದ ರೇಟಿಗೂ ಸ್ಟಾಕಿಸ್ಟ್ ಕೊಡುವ ರೇಟಿಗೂ ಅಜಗಜಾಂತರ ಇರುತ್ತದೆ. 2019ರಲ್ಲಿ ಸರ್ಕಾರ 42 ಕ್ಯಾನ್ಸರ್ ಮದ್ದುಗಳ ಲಾಭಕ್ಕೆ 30 ಪರ್ಸೆಂಟ್ ಮಿತಿ ಹಾಕಿದ್ದು ಇದೇ ಕಾರಣಕ್ಕೆ. ಆದರೂ ಒಂದು ಅಂಗಡಿಯಲ್ಲಿ ಕೇಳಿ ಸುಮ್ಮನಾಗಬೇಡಿ. ಡಾಕ್ಟ್ರ ಚೀಟಿಯಲ್ಲಿ ಮದ್ದಿನ ಹೆಸರು ಬರೆಸಿಕೊಳ್ಳಿ, ಬರೀ ಬ್ರ್ಯಾಂಡ್ ಅಲ್ಲ. ನಾಲ್ಕು ಕಡೆ ಕೇಳಿ. ಜನೌಷಧಿಯಲ್ಲೂ ವಿಚಾರಿಸಿ.

ಹಳೇ ಕತೆ ಗೊತ್ತಿಲ್ಲದವರಿಗೆ: ರಕ್ತದ ಕ್ಯಾನ್ಸರ್ ಒಂದಕ್ಕೆ ಕೊಡುವ ಇಮ್ಯಾಟಿನಿಬ್‌ನ ಮೂಲ ಬ್ರ್ಯಾಂಡ್ ತಿಂಗಳಿಗೆ ಲಕ್ಷದ ಮೇಲೆ ಇತ್ತು. ನಮ್ಮ ಕಂಪನಿಗಳದ್ದು ಹತ್ತು ಸಾವಿರದ ಒಳಗೆ. ಪೇಟೆಂಟ್ ಕೊಡಲು ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತೀರ್ಪು ಕೊಟ್ಟಿತು. ಅದಕ್ಕೂ ಒಂದು ವರ್ಷ ಮೊದಲು ಲಿವರ್, ಕಿಡ್ನಿ ಕ್ಯಾನ್ಸರಿನ ಸೊರಾಫೆನಿಬ್‌ಗೆ ಕಡ್ಡಾಯ ಲೈಸೆನ್ಸ್, ಅಂದರೆ ಪೇಟೆಂಟ್ ಇದ್ದರೂ ಬೇರೆ ಕಂಪನಿ ಮಾಡಲು ಅನುಮತಿ, ಕೊಟ್ಟರು. ತಿಂಗಳಿಗೆ 2.8 ಲಕ್ಷ ಇದ್ದದ್ದು 8,880 ರೂಪಾಯಿಗೆ ಬಂತು. ಎರಡರಲ್ಲೂ ಮದ್ದು ಅದೇ.

ಸಕ್ಕರೆ ಕಾಯಿಲೆಯಲ್ಲೂ ಅಷ್ಟೇ. ಎಂಪಾಗ್ಲಿಫ್ಲೋಜಿನ್ ಮಾತ್ರೆ ಒಂದಕ್ಕೆ 60 ರೂಪಾಯಿ ಹತ್ತಿರ ಇತ್ತು. 2025ರ ಮಾರ್ಚಿನಲ್ಲಿ ಪೇಟೆಂಟ್ ಮುಗಿದದ್ದೇ ತಡ, ನಮ್ಮ ಅಂಗಡಿಗೆ ಹೊಸ ಹೊಸ ಬ್ರ್ಯಾಂಡಿನ ರೆಪ್‌ಗಳು ಸಾಲು ನಿಂತರು. ಕಿಡ್ನಿಗೂ ಹಾರ್ಟಿಗೂ ಒಳ್ಳೆಯದು ಅಂತ ಡಾಕ್ಟ್ರು ಬರೆದು ಕೊಟ್ಟರೂ ರೇಟ್ ಕೇಳಿ ಚೀಟಿ ಮಡಚಿ ಕಿಸೆಗೆ ಹಾಕಿಕೊಳ್ಳುತ್ತಿದ್ದ ಗಿರಾಕಿಗಳು ಈಗ ತೆಗೆದುಕೊಳ್ಳುತ್ತಿದ್ದಾರೆ.

ಹಂಪನಕಟ್ಟೆ_ಹರಟೆ
ಹಾಗಾದ್ರೆ ಎಂಆರ್‌ಪಿಗೆ ಮಾರುವ ಅಂಗಡಿಗಳು ಕಳ್ಳರಾ ಮಾಣಿ? 😏

ಮದ್ದಂಗಡಿ_ಮಾಣಿ
ಕಾನೂನು ಪ್ರಕಾರ ಎಂಆರ್‌ಪಿಗೆ ಮಾರಬಹುದು. ನಾನು ಅಷ್ಟೇ ಹೇಳುವುದು. ಬಾಕಿದ್ದು ನೀವೇ ತಿಳಿದುಕೊಳ್ಳಿ.

ಘಟ್ಟದ_ಕೆಳಗೆ
ಇಂಗ್ಲಿಷ್ ಮದ್ದು ಬರೀ ಬಿಸಿನೆಸ್. ನಮ್ಮ ಪಕ್ಕದ ಮನೆಯವರು ಲಕ್ಷ್ಮಣ ಫಲದ ಎಲೆಯ ಕಷಾಯ ಕುಡಿದು ಆರಾಮಾಗಿದ್ದಾರೆ. ಖರ್ಚು ಸೊನ್ನೆ.

ಹಳೇ_ಸ್ಟಾಫ್_ನರ್ಸ್
ಅವರಿಗೆ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷೆ) ಆಗಿತ್ತಾ? ಕೀಮೋ ಆದ ಮೇಲೆ ಕಷಾಯ ಕುಡಿದದ್ದಾ? ಇದಕ್ಕೆ ಯಾವತ್ತೂ ಉತ್ತರ ಬರುವುದಿಲ್ಲ. ಆ ಎಲೆಯಲ್ಲಿ ನರಕ್ಕೆ ವಿಷವಾಗುವ ಅಂಶ ಉಂಟು. ಕೆರಿಬಿಯನ್ ದ್ವೀಪದ ಕಡೆ ಅದನ್ನು ವರ್ಷಗಟ್ಟಲೆ ಕುಡಿದವರಲ್ಲಿ ಪಾರ್ಕಿನ್ಸನ್ ತರದ ನಡುಕದ ಕಾಯಿಲೆ ಜಾಸ್ತಿ ಕಂಡಿದ್ದಾರೆ. ಮತ್ತೆ ಅಬಿರಾಟೆರೋನ್ ತಗೊಳ್ಳುವಾಗ ಲಿವರ್ ಟೆಸ್ಟ್ ಮಾಡಿಸುತ್ತಾ ಇರಬೇಕು. ಅದರ ಜೊತೆ ಏನೇನೋ ಕಷಾಯ ಸೇರಿದರೆ ಲಿವರ್ ಕೆಟ್ಟದ್ದು ಯಾವುದರಿಂದ ಅಂತ ಡಾಕ್ಟ್ರಿಗೂ ಗೊತ್ತಾಗುವುದಿಲ್ಲ. ನಾಟಿ ಮದ್ದು ತಗೊಂಡರೂ ಮುಚ್ಚಿಡಬೇಡಿ, ಡಾಕ್ಟ್ರಿಗೆ ಹೇಳಿ. ಬೈದರೆ ಬೈಯಲಿ.

ಘಟ್ಟದ_ಕೆಳಗೆ
ನಂಬಿಕೆ ಇಲ್ಲದವರಿಗೆ ಹೇಳಿ ಪ್ರಯೋಜನ ಇಲ್ಲ.

ಕಾಸರಗೋಡು_ಕನ್ನಡಿಗ
ನಾವು ಗಡಿಯವರು, ಎಲ್ಲದಕ್ಕೂ ಮಂಗಳೂರಿಗೇ ಬರುವವರು. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅನುಭವಿಸಿದ್ದು ನಮಗೇ ಗೊತ್ತು. ಮಾಣಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೇರಳದಲ್ಲಿ 2024ರಿಂದ ಕಾರುಣ್ಯ ಫಾರ್ಮಸಿಗಳ ಕೆಲವು ಕೌಂಟರ್‌ಗಳಲ್ಲಿ ಕ್ಯಾನ್ಸರ್ ಮದ್ದನ್ನು ಲಾಭ ಇಲ್ಲದೆ ಕೊಡುತ್ತಾರೆ. ನಮ್ಮಲ್ಲಿ ಜನ ಚಿಕಿತ್ಸೆ ಮಂಗಳೂರಲ್ಲಿ, ಮದ್ದು ಅಲ್ಲಿಂದ ಅಂತ ಮಾಡುವುದುಂಟು.

ವಿಟ್ಲ_ತೋಟ
ನಮ್ಮ ಕಡೆ ಬಾಯಿ ಕ್ಯಾನ್ಸರ್ ಜಾಸ್ತಿ ಆಗಿದೆ ಅಲ್ವಾ? ಗುಟ್ಕಾದಿಂದ.

ಬೈಂದೂರು_ಕಡೆಯವ
ಗುಟ್ಕಾ ಮಾತ್ರ ಅಲ್ಲ. ಅಡಿಕೆಯೂ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆಯನ್ನು ಒಂದನೇ ಪಟ್ಟಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಪಟ್ಟಿಗೆ, ಹಾಕಿದೆ.

ವಿಟ್ಲ_ತೋಟ
ಬಂತು ನೋಡಿ! ಕೊಳೆರೋಗ ಒಂದು ಕಡೆ, ಎಲೆಚುಕ್ಕಿ ಇನ್ನೊಂದು ಕಡೆ, ಈಗ ನಿಮ್ಮದು. ಅಡಿಕೆ ತಿಂದು ಯಾರಿಗೆ ಏನಾಗಿದೆ? ನಮ್ಮ ಅಜ್ಜ 90 ವರ್ಷ ಎಲೆಯಡಿಕೆ ಹಾಕಿದರು. ಅವರು ಪರೀಕ್ಷೆ ಮಾಡಿದ್ದು ತಂಬಾಕು ಸೇರಿದ್ದನ್ನು.

ಹಳೇ_ಸ್ಟಾಫ್_ನರ್ಸ್
ತಂಬಾಕು ಇಲ್ಲದ ಎಲೆಯಡಿಕೆಯೂ ಆ ಪಟ್ಟಿಯಲ್ಲಿ ಉಂಟು ರಾಯರೇ. ಬಾಯಿ ತೆರೆಯಲಾಗದ ಹಾಗೆ ಬಿಗಿಯುವ ಕಾಯಿಲೆ ಬರುವುದೂ ಅಡಿಕೆಯಿಂದ. ಸ್ಟ್ರಾ ಹಾಕಿ ಗಂಜಿ ಕುಡಿಯುವ 25ರ ಹುಡುಗರನ್ನು ನೋಡಿದ್ದೇನೆ. ನನ್ನ ತವರೂ ಅಡಿಕೆ ತೋಟವೇ. ನನ್ನ ನರ್ಸಿಂಗ್ ಓದು ಆದದ್ದು ಆ ಹಣದಲ್ಲೇ.

ವಿಟ್ಲ_ತೋಟ
ಹಾಗಾದ್ರೆ ತೋಟ ಕಡಿದು ಎಂತ ನೆಡುವುದು, ನೀವೇ ಹೇಳಿ. ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೋ ಕಟ್ಟಿ 50 ವರ್ಷ ದಾಟಿತು, ಇಡೀ ಜಿಲ್ಲೆ ನಿಂತದ್ದು ಅಡಿಕೆ ಮೇಲೆ.

ಅಡ್ಮಿನ್
ಅಡಿಕೆಗೆ ಬೇರೆ ಥ್ರೆಡ್ ಮಾಡಿಕೊಳ್ಳಿ. ಮತ್ತೆ ಇಲ್ಲಿ ಬರೆದವರ ಇನ್‌ಬಾಕ್ಸಿಗೆ "ಗ್ಯಾರಂಟಿ ಮದ್ದು" ಅಂತ ಮೆಸೇಜ್ ಕಳಿಸುವವರನ್ನು ತೆಗೆದು ಹಾಕುತ್ತೇವೆ. ಇಬ್ಬರನ್ನು ಈಗಾಗಲೇ ತೆಗೆದಾಯಿತು.

ಮಣಿಪಾಲ_ಮೆಟ್ಟಿಲು
ಬಾಯಿ ಕ್ಯಾನ್ಸರ್ ಮಾತು ಬಂದದ್ದಕ್ಕೆ ಒಂದು ವಿಷಯ. ಇಮ್ಯುನೋಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ) ಅಂದರೆ ಲಕ್ಷಗಟ್ಟಲೆ, ನಮಗಲ್ಲ ಅಂತ ಎಲ್ಲರೂ ಬಿಟ್ಟು ಬಿಡುತ್ತಾರೆ. ಮುಂಬೈಯ ಟಾಟಾ ಆಸ್ಪತ್ರೆಯ ಡಾಕ್ಟ್ರುಗಳು ಮುಂದುವರಿದ ಬಾಯಿ, ಗಂಟಲು ಕ್ಯಾನ್ಸರಿನವರಿಗೆ ನಿವೊಲುಮ್ಯಾಬ್ ಅನ್ನುವ ಮದ್ದನ್ನು ಬರೀ 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ ಕೊಟ್ಟು ನೋಡಿದರು. ಸಾಮಾನ್ಯ ಡೋಸ್ 240 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ. ಜೊತೆಗೆ ಕಡಿಮೆ ಖರ್ಚಿನ ಮಾತ್ರೆಗಳು. 2022ರಲ್ಲಿ ಪ್ರಕಟವಾಯಿತು. ಬರೀ ಮಾತ್ರೆ ತಗೊಂಡವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 16, ಇದನ್ನೂ ಸೇರಿಸಿದವರಲ್ಲಿ 43. ನೂರಕ್ಕೆ 43 ಅಂದ್ರೆ ಪವಾಡ ಅಲ್ಲ. ಆದರೂ ಡೋಸ್ ಎಷ್ಟು ಕಡಿಮೆ ನೋಡಿ.

ಅಬಿರಾಟೆರೋನ್‌ನಲ್ಲೂ ಇಂಥದ್ದೊಂದು ಉಂಟು. ಖಾಲಿ ಹೊಟ್ಟೆಗೆ ನಾಲ್ಕು ಮಾತ್ರೆಯ ಬದಲು, ಎಣ್ಣೆ ಕಡಿಮೆ ಇರುವ ತಿಂಡಿ ಜೊತೆ ಒಂದೇ ಮಾತ್ರೆ. ಊಟದ ಜೊತೆ ಮದ್ದು ಮೈಗೆ ಹೆಚ್ಚು ಸೇರುತ್ತದೆ. 2018ರಲ್ಲಿ ಬಂದ 72 ಜನರ ಸಣ್ಣ ಅಧ್ಯಯನದಲ್ಲಿ ಪಿಎಸ್ಎ (ಪ್ರಾಸ್ಟೇಟ್ ಕ್ಯಾನ್ಸರ್ ತಿಳಿಯಲು ರಕ್ತದಲ್ಲಿ ನೋಡುವ ಅಂಶ) ಇಳಿದದ್ದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ತರ. ಖರ್ಚು ನಾಲ್ಕರಲ್ಲಿ ಒಂದು ಪಾಲು.

ಹಳೇ_ಸ್ಟಾಫ್_ನರ್ಸ್
ದಯವಿಟ್ಟು ಇದನ್ನು ಓದಿ ಯಾರೂ ಮನೆಯಲ್ಲಿ ನೀವೇ ಡೋಸ್ ಬದಲಿಸಬೇಡಿ. ನಾಲ್ಕು ಮಾತ್ರೆಯನ್ನು ಎಣ್ಣೆಯಲ್ಲಿ ಕರಿದ ಗೋಳಿಬಜೆ ತಿಂದು ನುಂಗಿದರೆ ಮದ್ದು ಹತ್ತು ಪಟ್ಟು ಏರಬಹುದು. ಹಣ ಕಷ್ಟ ಅಂತ ಡಾಕ್ಟ್ರಿಗೆ ನೇರ ಹೇಳಿ, ಕಡಿಮೆ ಡೋಸ್ ಆಗುತ್ತದಾ ಕೇಳಿ. ಕೇಳಿದ್ದಕ್ಕೆ ಯಾರೂ ಹೊರಗೆ ಹಾಕುವುದಿಲ್ಲ.

ಮಾತ್ರೆ ಸೇರಿಸಿದರೆ ಪ್ರಯೋಜನ ಉಂಟಾ ಅಂತ ಶಿರ್ವದವರು ಕೇಳಿದ್ದರಲ್ಲ. ಉಂಟು. 2017ರ ದೊಡ್ಡ ಅಧ್ಯಯನವೊಂದರಲ್ಲಿ, ಹೊಸದಾಗಿ ಪತ್ತೆಯಾಗಿ ಹರಡಿ, ಅಪಾಯ ಜಾಸ್ತಿ ಇದ್ದವರಲ್ಲಿ, ಬರೀ ಹಾರ್ಮೋನ್ ನಿಲ್ಲಿಸಿದವರು ಮೂರು ವರ್ಷಕ್ಕೆ ನೂರಕ್ಕೆ 49 ಜನ ಬದುಕಿದ್ದರು. ಅಬಿರಾಟೆರೋನ್ ಸೇರಿಸಿದವರು 66. ಕೀಮೋದಿಂದಲೂ ಪ್ರಯೋಜನ ಇದೆ, ಅದರಲ್ಲೂ ಜಾಸ್ತಿ ಹರಡಿದವರಿಗೆ. ಅದು ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ, ಮಾತ್ರೆ ವರ್ಷಗಟ್ಟಲೆ. ಒಟ್ಟು ಖರ್ಚು ನೋಡಿದರೆ ಕೀಮೋವೇ ಕಡಿಮೆ ಆಗಲೂಬಹುದು. ಆದರೆ 76ರಲ್ಲಿ ಸುಸ್ತು, ಸೋಂಕು, ಬೆರಳ ತುದಿ ಜೋಮು ಹಿಡಿಯುವುದು ಇವೆಲ್ಲ ಲೆಕ್ಕಕ್ಕೆ ಬರಬೇಕು.

ದುಬೈ_ಪುಳ್ಳಿ
ಇಷ್ಟೆಲ್ಲ ಗೊಂದಲ ಇರುವುದರಿಂದಲೇ ಮುಂಬೈಗೆ ಹೋಗಿ ಅನ್ನುವುದು. ಟಾಟಾದಲ್ಲಿ ಒಂದು ಸಲ ತೋರಿಸಿದರೆ ಎಲ್ಲರ ಬಾಯಿ ಮುಚ್ಚುತ್ತದೆ.

ಬೈಂದೂರು_ಕಡೆಯವ
ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಕೂತು, ಪರೇಲ್‌ನಲ್ಲಿ ರೂಮ್ ಹುಡುಕಿ, ಕ್ಯೂ ನಿಂತು... ಎಲುಬಿನಲ್ಲಿ ಗಡ್ಡೆ ಇರುವ 76ರ ಹಿರಿಯರು. ನೀವು ಜೊತೆಗೆ ಹೋಗುತ್ತೀರಾ ಸಾರ್, ರಜೆ ಹಾಕಿ?

ದುಬೈ_ಪುಳ್ಳಿ
ವೈಯಕ್ತಿಕ ಬೇಡ.

ಬೈಂದೂರು_ಕಡೆಯವ
ವೈಯಕ್ತಿಕ ಅಲ್ಲ. ನಾನು ಅಮ್ಮನನ್ನು ಕರ್ಕೊಂಡು ಓಡಾಡಿದವನು, ಅದಕ್ಕೇ ಕೇಳಿದ್ದು. ನಮ್ಮಮ್ಮನಿಗೆ ತೊಡೆ ಎಲುಬಿನ ನೋವಿಗೆ ಕರೆಂಟ್ (ರೇಡಿಯೇಶನ್) ಕೊಡಬೇಕು ಅಂದರು. ಒಂದು ದೊಡ್ಡ ಆಸ್ಪತ್ರೆಯಲ್ಲಿ ಹತ್ತು ಸಿಟ್ಟಿಂಗ್ ಅಂದರು. ಬೈಂದೂರಿನಿಂದ ಹತ್ತು ದಿನ! ಇನ್ನೊಂದು ಕಡೆ ಕೇಳಿದೆವು. ಬರೀ ನೋವು ಕಡಿಮೆ ಮಾಡಲು ಆದರೆ ಒಂದೇ ದಿನ 8 ಗ್ರೇ (ರೇಡಿಯೇಶನ್ನಿನ ಅಳತೆ) ಕೊಟ್ಟರೂ ಅಷ್ಟೇ ಕೆಲಸ ಮಾಡುತ್ತದೆ ಅಂದರು. ಸ್ವಲ್ಪ ಜನರಿಗೆ ಮುಂದೆ ಮತ್ತೊಮ್ಮೆ ಕೊಡಬೇಕಾಗಬಹುದು, ಅಷ್ಟೇ. ಒಂದೇ ದಿನದಲ್ಲಿ ಮುಗಿಸಿ ಬಂದೆವು. ಎಲುಬಿಗೆ ಕೊಡುವ ಜೊಲೆಡ್ರೋನಿಕ್ ಇಂಜೆಕ್ಷನ್ನೂ ತಿಂಗಳಿಗೊಮ್ಮೆ ಬೇಕಾಗಿಲ್ಲ, 12 ವಾರಕ್ಕೊಮ್ಮೆ ಸಾಕು ಅಂತ 2017ರಲ್ಲೇ ಅಧ್ಯಯನ ಬಂದಿದೆ. ಇದನ್ನು ಕೇಳಿದರೆ ಮಾತ್ರ ಹೇಳುತ್ತಾರೆ.

ಮಣಿಪಾಲ_ಮೆಟ್ಟಿಲು
ಟಾಟಾದವರ ಅಭಿಪ್ರಾಯ ಬೇಕು ಅಂತಿದ್ದರೆ ಹೋಗಲೇಬೇಕು ಅಂತ ಇಲ್ಲ. ನ್ಯಾಷನಲ್ ಕ್ಯಾನ್ಸರ್ ಗ್ರಿಡ್ (ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟ) ಜೊತೆ ಸೇರಿ ನವ್ಯಾ ಅನ್ನುವ ಆನ್‌ಲೈನ್ ವ್ಯವಸ್ಥೆ ನಡೆಸುತ್ತಾರೆ. ರಿಪೋರ್ಟ್ ಹಾಕಿದರೆ ಬರಹದಲ್ಲಿ ಅಭಿಪ್ರಾಯ ಬರುತ್ತದೆ. ಹೋಗುವುದೇ ಆದರೆ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್, ತ್ರೀ ಟಯರ್ ಎಸಿ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ 75 ಪರ್ಸೆಂಟ್ ರಿಯಾಯಿತಿ. ಆಸ್ಪತ್ರೆಯ ಫಾರ್ಮ್ ಬೇಕು.

ಕಡಿಯಾಳಿ_ಟೀಚರ್
ಎಲ್ಲರೂ ಮದ್ದಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಅಪ್ಪನಿಗೇ ಹೇಳಿಲ್ಲ ಅಂತ ಬರೆದಿದ್ದಾರಲ್ಲ, ಅದನ್ನು ಯಾರೂ ನೋಡಲಿಲ್ವಾ?

ಪಡುಬಿದ್ರಿ_ಪಯಣಿಗ
ಹೇಳಬಾರದು ಟೀಚರ್. ಕ್ಯಾನ್ಸರ್ ಅಂತ ಕೇಳಿಯೇ ಅರ್ಧ ಜೀವ ಹೋಗುತ್ತದೆ. ನಮ್ಮ ಚಿಕ್ಕಪ್ಪನಿಗೆ ಕೊನೆವರೆಗೂ ಹೇಳಲಿಲ್ಲ, ನೆಮ್ಮದಿಯಲ್ಲಿ ಹೋದರು.

ಕಡಿಯಾಳಿ_ಟೀಚರ್
ನೆಮ್ಮದಿ ಚಿಕ್ಕಪ್ಪನಿಗಾ, ನಿಮಗಾ? ನಮ್ಮ ಅತ್ತೆಗೂ ಹೇಳಿರಲಿಲ್ಲ. ಕೀಮೋ ವಾರ್ಡಿನಲ್ಲಿ ಪಕ್ಕದ ಬೆಡ್ಡಿನವರೇ ಎಲ್ಲ ಹೇಳಿಬಿಟ್ಟರು. ಅದಾದ ಮೇಲೆ ಅವರು ನಮ್ಮ ಯಾವ ಮಾತನ್ನೂ ನಂಬಲಿಲ್ಲ. ಬಿಪಿ ಮಾತ್ರೆ ಕೊಟ್ಟರೂ ಇದೆಂಥದ್ದು ಅಂತ ಸಂಶಯ.

ಹಳೇ_ಸ್ಟಾಫ್_ನರ್ಸ್
ಹೇಳಬೇಕಾ ಬೇಡ್ವಾ ಅನ್ನುವ ಚರ್ಚೆಯೇ ಇಲ್ಲಿ ನಡೆಯುವುದಿಲ್ಲ. ಆಪರೇಶನ್ ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ಅವರೇ. ಬೀಜ ತೆಗೆಯುವುದು ಯಾಕೆ ಅಂತ ಕೇಳದೆ ಯಾವ ಗಂಡಸು ಸಹಿ ಹಾಕುತ್ತಾರೆ? ಮಗಳು, ಮಗ ಹಾಕಿದ ಸಹಿ ನಡೆಯುವುದಿಲ್ಲ, ಅವರಿಗೆ ಬುದ್ಧಿ ಸ್ವಾಧೀನ ಇರುವಾಗ. ಡಾಕ್ಟ್ರೇ ಹೇಳಲಿ, ನೀವು ಪಕ್ಕದಲ್ಲಿ ಕೂತಿರಿ. ಒಂದೇ ದಿನ ಎಲ್ಲ ಹೇಳಬೇಕು ಅಂತಿಲ್ಲ. ಅವರು ಎಷ್ಟು ಕೇಳುತ್ತಾರೋ ಅಷ್ಟು.

ಹಂಪನಕಟ್ಟೆ_ಹರಟೆ
ಪಿಎಸ್ಎ ಮೊದಲೇ ಮಾಡಿಸಿದ್ದರೆ ಇದೆಲ್ಲ ಬೇಕಾಗುತ್ತಿರಲಿಲ್ಲ. ನಾನು ಪ್ರತಿ ವರ್ಷ ಅಪ್ಪನಿಗೆ ಫುಲ್ ಬಾಡಿ ಪ್ಯಾಕೇಜ್ ಮಾಡಿಸುತ್ತೇನೆ. 79 ವರ್ಷ.

ಮಣಿಪಾಲ_ಮೆಟ್ಟಿಲು
ತೊಂದರೆ ಏನೂ ಇಲ್ಲದ 70 ದಾಟಿದವರಿಗೆ ಪಿಎಸ್ಎ ಸ್ಕ್ರೀನಿಂಗ್ ಬೇಡ ಅಂತಲೇ ಅಮೆರಿಕದ ತಜ್ಞರ ಸಲಹೆ. ನಿಧಾನವಾಗಿ ಬೆಳೆಯುವ, ಯಾವತ್ತೂ ತೊಂದರೆ ಕೊಡದ ಗಡ್ಡೆಗಳೂ ಸಿಗುತ್ತವೆ, ಆಮೇಲೆ ಬಯಾಪ್ಸಿ, ಆಪರೇಶನ್, ಮೂತ್ರ ಸೋರುವುದು. ಪ್ಯಾಕೇಜ್ ಮಾರುವವರು ಅದನ್ನು ಹೇಳುವುದಿಲ್ಲ. ಶಿರ್ವದವರ ಅಪ್ಪನಿಗೆ ನೋವು ಇತ್ತು, ಅದು ಬೇರೆ ವಿಷಯ.

ಹಂಪನಕಟ್ಟೆ_ಹರಟೆ
ನನ್ನ ಅಪ್ಪ, ನನ್ನ ಹಣ.

ಶಿರ್ವ_ಮಲ್ಲಿಗೆ
ಎಲ್ಲರಿಗೂ ತುಂಬಾ ಉಪಕಾರ ಆಯಿತು. ಸುದ್ದಿ ಹೇಳಲು ಬಂದೆ.

ನರ್ಸಮ್ಮ ಬರೆದದ್ದು ಓದಿದ ಮೇಲೆ ಡಾಕ್ಟ್ರಿಗೆ ಫೋನ್ ಮಾಡಿ, ನೀವೇ ಅಪ್ಪನ ಹತ್ತಿರ ಮಾತಾಡಿ ಅಂದೆ. ಕರ್ಕೊಂಡು ಹೋದೆ. ಡಾಕ್ಟ್ರು "ನಿಮಗೆ ಏನಾಗಿದೆ ಅಂತ ಅನಿಸುತ್ತದೆ?" ಅಂತ ಕೇಳಿದರು. ಅಪ್ಪ "ಕ್ಯಾನ್ಸರ್ ಅಲ್ವಾ, ಬಾಗಿಲ ಮೇಲೆ ಬೋರ್ಡ್ ಉಂಟಲ್ಲ" ಅಂದರು. ಕನ್ನಡ ಓದಲು ಬರುತ್ತದೆ ಅಂತ ನಮಗೆ ಯಾರಿಗೂ ನೆನಪೇ ಆಗಲಿಲ್ಲ ನೋಡಿ.

ಅಪ್ಪ ಕೇಳಿದ್ದು ಮೂರೇ ಪ್ರಶ್ನೆ. ಬೆನ್ನು ಬಗ್ಗಿಸಬಹುದಾ, ಬೆರಳಿಗೆ ಏನಾದರೂ ಆಗುತ್ತದಾ, ಎಷ್ಟು ಸಲ ಬರಬೇಕು. ಕೀಮೋದಲ್ಲಿ ಬೆರಳ ತುದಿ ಜೋಮು ಹಿಡಿಯಬಹುದು ಅಂದ ಕೂಡಲೇ ಅದು ಬೇಡ ಅಂದರು. ಮೊಗ್ಗು ಕೊಯ್ಯುವುದು ಬೆರಳ ತುದಿಯಲ್ಲೇ ಅಲ್ವಾ. ಮೊಗ್ಗಿನ ತೊಟ್ಟು ಹಿಡಿಯುವಾಗ ಸ್ವಲ್ಪ ಜೋರಾದರೂ ಹೂ ಕಪ್ಪಾಗುತ್ತದೆ ಅಂತ ಡಾಕ್ಟ್ರಿಗೆ ಬೆರಳು ಮಾಡಿ ತೋರಿಸಿದರು. ಆಪರೇಶನ್‌ಗೆ ಒಂದು ಕ್ಷಣವೂ ಯೋಚಿಸಲಿಲ್ಲ. "ಆ ಕೆಲಸ ಎಲ್ಲ ಮುಗಿದು ಯಾವ ಕಾಲ ಆಯಿತು" ಅಂದರು, ನಾನು ಗೋಡೆ ನೋಡಿದೆ. ಅಮ್ಮ ನಗುತ್ತಿದ್ದರು. ಆಪರೇಶನ್ ಮತ್ತು ಮಾತ್ರೆ ಅಂತ ತೀರ್ಮಾನ. ಬೆನ್ನುಮೂಳೆಗೆ ತುರ್ತು ಏನೂ ಇಲ್ಲ, ಭಾರ ಎತ್ತಬಾರದು ಅಷ್ಟೇ ಅಂದಿದ್ದಾರೆ. ಕೊಡಪಾನ ಇನ್ನು ನನ್ನ ಪಾಲಿಗೆ.

ಅಣ್ಣನಿಗೆ ಸಿಟ್ಟು ಬಂದಿದೆ. "ನೀನೇ ಒಪ್ಪಿಸಿದ್ದು" ಅನ್ನುತ್ತಾನೆ. ಅಪ್ಪನೇ ಫೋನಿನಲ್ಲಿ ಮಾತಾಡಿದರೂ ಸಮಾಧಾನ ಇಲ್ಲ.

ಒಂದು ಪ್ರಶ್ನೆ. ಮಾತ್ರೆ ಖಾಲಿ ಹೊಟ್ಟೆಗೆ ಅಂದಿದ್ದಾರೆ. ಅಪ್ಪನಿಗೆ ಎದ್ದ ಕೂಡಲೇ ಚಹಾ, ಎರಡು ರಸ್ಕ್ ಬೇಕೇ ಬೇಕು.

ಹಳೇ_ಸ್ಟಾಫ್_ನರ್ಸ್
ರಾತ್ರಿಗೆ ಇಟ್ಟುಕೊಳ್ಳಬಹುದಾ ಅಂತ ಡಾಕ್ಟ್ರಲ್ಲಿ ಕೇಳಿ. ಮಾತ್ರೆಗೆ ಎರಡು ಗಂಟೆ ಮೊದಲು, ಒಂದು ಗಂಟೆ ನಂತರ ಏನೂ ತಿನ್ನಬಾರದು. ಏಳೂವರೆಗೆ ಊಟ ಆದರೆ ಹತ್ತಕ್ಕೆ ನೀರು ಕುಡಿದು ನುಂಗಿ ಮಲಗುವುದು. ಜೊತೆಗೆ ಕೊಡುವ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಬೇರೆ, ಅದನ್ನು ತಿಂಡಿ ಜೊತೆ. ಅದನ್ನು ಮಾತ್ರ ತಪ್ಪಿಸಬೇಡಿ, ಬಿಪಿ ಏರುತ್ತದೆ, ಕಾಲು ಊದುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ.

ವಾರಕ್ಕೆ_ಮೂರು_ದಿನ
ಇಳಿಯುತ್ತದಾ! ಹಾಗಾದ್ರೆ ನಮ್ಮ ಪಾಲಿನ ಬೊಂಡ ಅವರಿಗೆ ಕೊಡಿ.

ಹಳೇ_ಸ್ಟಾಫ್_ನರ್ಸ್
ಟೆಸ್ಟ್ ನೋಡಿಕೊಂಡು 😄

ಅಕ್ಕ, ಇನ್ನೊಂದು ಈಗಲೇ ಹೇಳಿಬಿಡುತ್ತೇನೆ. ಮುಂದೆ ನೋವು ಜಾಸ್ತಿ ಆದರೆ ಮಾರ್ಫಿನ್ ಬೇಡ ಅನ್ನಬೇಡಿ. ಮಾತ್ರೆ ಬಹಳ ಅಗ್ಗ. ನೋವಿಗೆ ಲೆಕ್ಕ ಪ್ರಕಾರ ಕೊಟ್ಟರೆ ಚಟ ಹಿಡಿಯುವುದು ಅಪರೂಪ. ಮಲಬದ್ಧತೆ ಆಗುತ್ತದೆ, ಅದಕ್ಕೆ ಜೊತೆಗೇ ಮದ್ದು ಕೊಡುತ್ತಾರೆ. 2014ರಲ್ಲಿ ಕಾನೂನು ಸಡಿಲ ಆಗಿದೆ, ಆದರೂ ಎಲ್ಲ ಕಡೆ ಸಿಗುವುದಿಲ್ಲ. ಪ್ಯಾಲಿಯೇಟಿವ್ (ನೋವು, ಸಂಕಟ ಕಡಿಮೆ ಮಾಡುವ) ವಿಭಾಗ ಇರುವ ಆಸ್ಪತ್ರೆಯಲ್ಲಿ ಈಗಲೇ ಹೆಸರು ಬರೆಸಿಡಿ. ಅದು ಕೊನೆ ದಿನಗಳಿಗೆ ಮಾತ್ರ ಅಂತ ಜನ ತಿಳಿದಿದ್ದಾರೆ, ಹಾಗಲ್ಲ.

ಕಾಸರಗೋಡು_ಕನ್ನಡಿಗ
ನಮ್ಮಲ್ಲಿ ಪ್ಯಾಲಿಯೇಟಿವ್‌ನವರು ಮನೆಗೇ ಬರುತ್ತಾರೆ. ಪಂಚಾಯತಿಯೇ ನಡೆಸುತ್ತದೆ. ಈ ಒಂದು ವಿಷಯದಲ್ಲಿ ಗಡಿಯ ಈಚೆಗೆ ಇರುವುದೇ ಲಾಭ.

ಲಾ_ಪಾಯಿಂಟ್
ಐಸಿಯು, ವೆಂಟಿಲೇಟರ್ ಬೇಕಾ ಬೇಡ್ವಾ ಅಂತ ಮೊದಲೇ ಬರೆದಿಡಲೂ ಅವಕಾಶ ಉಂಟು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ್ದು, 2023ರಲ್ಲಿ ಸುಲಭ ಮಾಡಿತು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆಯನ್ನೂ ಹೊರಡಿಸಿದೆ. ಅಪ್ಪ ಇಷ್ಟು ಸ್ಪಷ್ಟ ಇದ್ದಾರೆ ಅಂದ ಮೇಲೆ ಕೇಳಿ ನೋಡಿ. ಅಣ್ಣ ತಂಗಿ ಜಗಳ ಆಗುವುದು ಅಲ್ಲೇ.

ಪಡುಬಿದ್ರಿ_ಪಯಣಿಗ
ಅಯ್ಯೋ, ಈಗಲೇ ಅದೆಲ್ಲ ಯಾಕೆ. ಅಪಶಕುನ.

ದುಬೈ_ಪುಳ್ಳಿ
ಒಪ್ಪುವುದು ಕಷ್ಟ ಆದರೂ ಹೇಳುತ್ತೇನೆ, ಅಪ್ಪನೇ ಹೇಳಿದ ಮೇಲೆ ಮುಗಿಯಿತು. ನಿಮ್ಮ ಅಣ್ಣನಿಗೆ ಒಂದು ಕೆಲಸ ಕೊಡಿ ಮೇಡಂ. ತಿಂಗಳ ಮಾತ್ರೆ ಖರ್ಚು ನಿನ್ನದು ಅನ್ನಿ. ದೂರ ಇರುವವರಿಗೆ ಕೈಯಲ್ಲಿ ಏನೂ ಇಲ್ಲದಾಗ ಬಾಯಿ ಜೋರಾಗುತ್ತದೆ.

ಮದ್ದಂಗಡಿ_ಮಾಣಿ
ಎಪಿಎಲ್ ಅಂತ ಬಿಟ್ಟುಬಿಡಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್‌ಗೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ಗೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಮೊದಲು ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಗೆ ಹೋಗಿ ರೆಫರಲ್ ಕೇಳಿ. ಆಪರೇಶನ್ ಅಲ್ಲೇ ಆಗುತ್ತದಾ ಅಂತಲೂ ವಿಚಾರಿಸಿ. ಅಡ್ಮಿಟ್ ಆದ ಮೇಲೆ ಕಾರ್ಡ್ ತೆಗೆದು ತೋರಿಸಿದರೆ ಪ್ರಯೋಜನ ಇಲ್ಲ. ಮಣಿಪಾಲ ಆರೋಗ್ಯ ಕಾರ್ಡ್ ಇದ್ದರೆ ಅದು ಡಿಸ್ಕೌಂಟ್ ಮಾತ್ರ, ಇನ್ಶೂರೆನ್ಸ್ ಅಲ್ಲ. ಇದನ್ನು ಬಹಳ ಜನ ಒಂದೇ ಅಂತ ತಿಳಿದಿದ್ದಾರೆ.

ಮತ್ತೆ ಮಾತ್ರೆ ಎಲ್ಲಿಂದ ತಂದರೂ ಬಿಲ್ ಕೇಳಿ, ಬ್ಯಾಚ್ ನಂಬರ್ ಡಬ್ಬಕ್ಕೆ ಹೊಂದುತ್ತದಾ ನೋಡಿ. ವಾಟ್ಸಾಪಿನಲ್ಲಿ ಅರ್ಧ ರೇಟಿಗೆ ಕೊಡುತ್ತೇವೆ ಅನ್ನುವವರು ಇದ್ದಾರೆ.

ಶಿರ್ವ_ಮಲ್ಲಿಗೆ
ಅಜ್ಜರಕಾಡಿಗೆ ಸೋಮವಾರ ಹೋಗುತ್ತೇವೆ. ಮಾತ್ರೆ ಖರ್ಚಿಗೆ ಟ್ಯಾಕ್ಸ್‌ನಲ್ಲಿ ಏನಾದರೂ ಸಿಗುತ್ತದಾ? ಅಣ್ಣ ಕೊಟ್ಟರೆ ಅವನಿಗಾ, ನಾನು ಕೊಟ್ಟರೆ ನನಗಾ?

ಲಾ_ಪಾಯಿಂಟ್
1961ರ ಆದಾಯ ತೆರಿಗೆ ಕಾನೂನಿನ 80ಡಿಡಿಬಿ ಕಡಿತ. ಹಿರಿಯ ನಾಗರಿಕರ ಚಿಕಿತ್ಸೆಗೆ ಒಂದು ಲಕ್ಷದವರೆಗೆ. ಭಾರತದಲ್ಲಿ ವಾಸ ಇರುವವರಿಗೆ ಮಾತ್ರ, ಆದ್ದರಿಂದ ಅಣ್ಣನಿಗೆ ಇಲ್ಲ. ಅಪ್ಪ ಮುಖ್ಯವಾಗಿ ನಿಮ್ಮನ್ನೇ ಅವಲಂಬಿಸಿದ್ದು, ನೀವು ಖರ್ಚು ಮಾಡಿದರೆ ನಿಮಗೆ. ತಜ್ಞ ಡಾಕ್ಟ್ರ ಚೀಟಿ ಬೇಕು.

ಹಂಪನಕಟ್ಟೆ_ಹರಟೆ
ಹೊಸ ತೆರಿಗೆ ಪದ್ಧತಿಯಲ್ಲಿ (ರೆಜೀಮ್) ಅದು ಇಲ್ಲ, ಅದನ್ನೂ ಹೇಳಿ.

ಲಾ_ಪಾಯಿಂಟ್
ಹೌದು, ಹಳೇ ರೆಜೀಮ್‌ನಲ್ಲಿ ಮಾತ್ರ.